ಕಾಲು ಮುಂದಾಗಿ ಹುಟ್ಟಿದವರ ಒದೆ

ಐವತ್ತು ಕೆಜಿ ರಾಗಿ ಮೂಟೆಯನ್ನು ಹೂವಿನ ಬುಟ್ಟಿಯಂತೆ ಹೊತ್ತು ತರುತ್ತಿದ್ದ ಗಂಗಾಧರನ ಸೊಂಟ ಹಿಡಿದುಕೊಂಡದ್ದು ಒಂದು ಶೂ ಲೇಸಿನಿಂದ.

ಶೂ ಹೊಸದು. ಕೆಲಸವೂ ಹೊಸದು. ನರಸಾಪುರದ ಕಾರ್ಖಾನೆಯೊಂದರಲ್ಲಿ ಗೇಟು ಕಾಯಲು ಅವನನ್ನು ತೆಗೆದುಕೊಂಡಿದ್ದರು. ಇವತ್ತೇ ಮೊದಲ ದಿನ. ಕಂಪನಿ ಬಸ್ಸು ಒಂದು ಗಂಟೆಗೆ ಊರ ಅರಳಿಕಟ್ಟೆಗೆ ಬರುತ್ತದೆ. "ಮೊದಲನೇ ದಿನಾನೇ ಬರಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದ. ಹನ್ನೆರಡಕ್ಕೆ ಗಂಗಾಧರ ಜಗುಲಿಯಲ್ಲಿ ನಿಂತು ಲೇಸು ಕಟ್ಟಲು ಬಗ್ಗಿದ. ಸೊಂಟದಲ್ಲಿ ಏನೋ ಚಳಕ್ ಎಂದಿತು. ಭೂಮಿತಾಯಿಗೆ ನಮಸ್ಕರಿಸಲು ಹೊರಟು ಅರ್ಧದಲ್ಲಿ ಮನಸ್ಸು ಬದಲಾಯಿಸಿದವನಂತೆ ಅಲ್ಲೇ ನಿಂತುಬಿಟ್ಟ.

ಹೆಂಡತಿ ಅನಿತಳ ಕೂಗಿಗೆ ಬೀದಿಯೇ ಬಂದು ಸೇರಿತು. ಬೇಸಿಗೆ ರಜೆಯಲ್ಲಿದ್ದ ಪಕ್ಕದ ಮನೆಯ ವಿಜ್ಞಾನದ ಮೇಡಂ ಆಶಾರಾಣಿಯೂ ಬಂದಳು.

"ಒಂದು ಲೇಸಿಗೆ ಹೀಗಾಯ್ತಲ್ಲಮ್ಮ!" ಎಂದ ಗಂಗಾಧರ, ನೆಲ ನೋಡುತ್ತ.

"ಲೇಸಿನ ಭಾರ ಅಲ್ಲಣ್ಣ. ಹಳೇ ಬಾವಿ ಏತ ನೆನಪಿದೆಯಾ? ಸೊಂಟ ಅದರ ಕಂಬ ಇದ್ದಂಗೆ. ಬಗ್ಗಿದ್ರೆ ನಿಮ್ಮ ತಲೆ, ಎದೆ, ಕೈ ಎಲ್ಲಾ ಸೇರಿ ಮೂವತ್ತು ಕೆಜಿ ಏತದ ಉದ್ದ ತುದೀಲಿ ತೂಗುತ್ತೆ. ಅದನ್ನ ಹಿಂದಕ್ಕೆ ಎಳೆದು ಹಿಡಿಯೋ ಸ್ನಾಯು ಇರೋದು ಕಂಬದಿಂದ ಮೂರು ಬೆರಳು ದೂರದಲ್ಲಿ. ಎಷ್ಟು ಪಟ್ಟು ಜಗ್ಗಬೇಕು ನೀವೇ ಹೇಳಿ! ಎರಡು ದಿನ ಸುಮ್ನೆ ಮಲಗಿ, ಸರಿಹೋಗುತ್ತೆ."

"ಎರಡು ಗಂಟೆ ಟೈಮೂ ಇಲ್ಲಮ್ಮ!"

ಎದುರುಮನೆಯ ದೊಡ್ಡಗಂಗಮ್ಮ ಮೇಡಮ್ಮನ್ನು ಪಕ್ಕಕ್ಕೆ ಸರಿಸಿದಳು. "ಏತಾನೂ ಬೇಡ, ಪಾತಾಳಾನೂ ಬೇಡ. ಕಾಲು ಮುಂದಾಗಿ ಹುಟ್ಟಿದೋರ ಕೈಲಿ ಸೊಂಟಕ್ಕೆ ಮೂರು ಸಲ ಒದೆಸ್ರಿ, ಬಿಟ್ಟೋಗ್ತದೆ."

ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮೊದಲಿಟ್ಟು ಬಂದವರ ಒದೆಯಲ್ಲಿ ದೇವರು ಮದ್ದಿಟ್ಟಿದ್ದಾನೆ ಎಂಬುದು ಊರಿನ ನಂಬಿಕೆ. ಅಂಥವರು ಬೇಡಿ ಬಂದವರಿಗೆ ಇಲ್ಲವೆನ್ನಬಾರದು.

"ಅಂಥೋರು ಯಾರಿದ್ದಾರಕ್ಕ?" ಎಂದಳು ಅನಿತ.

"ಭೀಮರಾಜ."

ಎಲ್ಲರೂ ಗಂಗಾಧರನತ್ತ ನೋಡಿದರು. ಬದುವಿನ ಹುಣಸೆಮರ ಯಾರದೆಂಬ ಜಗಳದಲ್ಲಿ ಗಂಗಾಧರನಿಗೂ ಭೀಮರಾಜನಿಗೂ ಮಾತು ನಿಂತು ಆರು ವರ್ಷವಾಗಿತ್ತು.

ಕರೆ ಹೋದಾಗ ಭೀಮರಾಜ ಎರಡೆರಡು ಸಲ ಕೇಳಿದನಂತೆ. "ನಾನು ಅವನನ್ನ ಒದೀಬೇಕಾ? ಊರೋರ ಮುಂದೆ? ತಡೀರಿ, ಕಾಲು ತೊಳ್ಕೊಂಡು ಬರ್ತೀನಿ." ಕಾಲು ತೊಳೆದು, ಹಣೆಗೆ ವಿಭೂತಿ ಬಳಿದು, ಪೂಜೆಗೆ ಬಂದವನಂತೆ ಬಂದ.

"ತಪ್ಪು ತಿಳ್ಕೋಬೇಡ ಕಣೋ. ದೇವರ ಕೆಲಸ" ಎಂದು ಮೊದಲನೆಯದನ್ನು ಮೆಲ್ಲಗೆ ಇಟ್ಟ. ಎರಡನೆಯದು ಸ್ವಲ್ಪ ಗಟ್ಟಿ. ಮೂರನೆಯದರಲ್ಲಿ ಆರು ವರ್ಷದ ಹುಳಿಯೆಲ್ಲ ಇತ್ತು. ಲಟಕ್! ಗಂಗಾಧರ ಎರಡು ಹೆಜ್ಜೆ ಮುಂದೆ ಹಾರಿ, ಗರುಡಗಂಬದಂತೆ ನೆಟ್ಟಗೆ ನಿಂತ.

"ನೋವಾಯ್ತೇನೋ?" ಎಂದ ಭೀಮರಾಜ. ಆರು ವರ್ಷದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

"ಆಯ್ತು ಕಣೋ. ಆದ್ರೂ ಸುಖವಾಯ್ತು."

ಇಬ್ಬರೂ ನಕ್ಕರು. ಗಂಗಾಧರನ ಎದೆಯೊಳಗೂ ಏನೋ ಸರಿದು ತನ್ನ ಜಾಗಕ್ಕೆ ಕೂತಂತಾಯಿತು. ಮೈಯನ್ನೂ ಮನಸ್ಸನ್ನೂ ಭಗವಂತ ತಕ್ಕಡಿಯ ಒಂದೇ ತಟ್ಟೆಯಲ್ಲಿ ಇಟ್ಟಿರಬೇಕು. ಒಂದರ ಭಾರ ಇಳಿದರೆ ಇನ್ನೊಂದೂ ಹಗುರವಾಗುತ್ತದೆ.

ಹನ್ನೆರಡೂ ಮುಕ್ಕಾಲು. ಈ ಸಲ ಲೇಸನ್ನು ಅನಿತ ಕಟ್ಟಿದಳು. ಅವನು ಜಗುಲಿ ಇಳಿಯುವಷ್ಟರಲ್ಲಿ ಊರಿನ ಹಳೆಯ ಸೂಲಗಿತ್ತಿ ಆದಿಲಕ್ಷ್ಮಮ್ಮ ಕೋಲೂರಿಕೊಂಡು ಬಂದಳು.

"ಭೀಮರಾಜನ್ನ ಯಾವ ಬುದ್ಧಿವಂತರೋ ಕರೆಸಿದ್ದು? ಅವನು ತಲೆ ಮುಂದಾಗೇ ಬಂದ. ಒಂದೇ ವಾರದಲ್ಲಿ ಇಬ್ಬರನ್ನೂ ಈ ಕೈಯಲ್ಲೇ ಹಿಡ್ಕೊಂಡಿದ್ದೀನಿ. ಕಾಲು ಮುಂದಾಗಿ ಬಂದೋನು ಈ ಗಂಗಾಧರ ಕಣ್ರೋ!"

ಎಲ್ಲರ ಕಣ್ಣೂ ಗಂಗಾಧರನ ಕಾಲಿನ ಮೇಲೆ ನೆಟ್ಟವು. ಮರುಗಳಿಗೆ ದೊಡ್ಡಗಂಗಮ್ಮ ಜಗುಲಿಯ ಕಂಬ ತಬ್ಬಿ ಬೆನ್ನು ತಿರುಗಿಸಿ ನಿಂತಿದ್ದಳು. "ಮೂರು ವರ್ಷದ ಸೊಂಟನೋವು ಕಣಪ್ಪ. ಮೂರೇ ಮೂರು ಕೊಡು." ಅವಳ ಹಿಂದೆ ಅದೇ ಬೀದಿಯ ಚನ್ನರಾಯಪ್ಪ, ಅವನ ಹಿಂದೆ ಇನ್ನೂ ಏಳೆಂಟು ಸೊಂಟಗಳು.

"ಬಸ್ಸು ಬರ್ತದಕ್ಕ!"

"ಬೇಡಿದೋರಿಗೆ ಇಲ್ಲ ಅಂದ್ರೆ ದೇವುಡು ಮೆಚ್ತಾನೇನಪ್ಪ?"

ದೇವರ ಹೆಸರು ಬಂದಮೇಲೆ ಗಂಗಾಧರ ಕಾಲೆತ್ತಿದ.

"ಒಂಟಿಕಾಲಲ್ಲಿ ಬೇಡಣ್ಣಾ! ಎಷ್ಟು ಜೋರಾಗಿ ಒದೀತೀರೋ ಅಷ್ಟೇ ಜೋರಾಗಿ ಅದು ನಿಮ್ಮ ಸೊಂಟಕ್ಕೇ ವಾಪಸ್ ಬರುತ್ತೆ!" ಎಂದು ಆಶಾರಾಣಿ ಕೂಗಿದಳು. ಅಷ್ಟರಲ್ಲಿ ಒದೆ ಹೊರಟಾಗಿತ್ತು.

ದೊಡ್ಡಗಂಗಮ್ಮ ರಾಗಿ ಕಣಜದಂತೆ ಅಲುಗದೆ ನಿಂತಿದ್ದಳು. ಚಳಕ್ ಎಂದದ್ದು ಗಂಗಾಧರನ ಸೊಂಟ.

ಅರಳಿಕಟ್ಟೆಯಿಂದ ಬಸ್ಸಿನ ಹಾರನ್ ಕೇಳಿಸಿತು.

"ಭೀಮಾ, ಬೇಗ ಒದಿಯೋ!" ಗಂಗಾಧರ ಮತ್ತೆ ನೆಲ ನೋಡುತ್ತ ಅರಚಿದ. ಭೀಮರಾಜ ಪಂಚೆ ಎತ್ತಿ ಕಟ್ಟಿ ಓಡಿಬಂದ. ಚನ್ನರಾಯಪ್ಪ ಎರಡೂ ಕೈ ಚಾಚಿ ಅಡ್ಡ ನಿಂತ.

"ಏಯ್, ತಲೆ ಮುಂದಾಗಿ ಹುಟ್ಟಿದೋನು ನೀನು! ನಿನ್ನ ಒದೇಲಿ ಗುಣ ಇಲ್ಲ, ಬರೀ ಪಾಪ."

"ಈಗ ತಾನೇ ಬಿಡ್ತಲ್ಲಪ್ಪಾ!"

"ಅದು ನಮಗೆ ಗೊತ್ತಿಲ್ಲದಾಗ."

ಬಸ್ಸು ಇನ್ನೊಮ್ಮೆ ಹಾರನ್ ಹೊಡೆದು, ಧೂಳೆಬ್ಬಿಸಿ ಹೊರಟುಹೋಯಿತು. ಊರಿನಲ್ಲಿ ಈಗ ಗುಣವಿರುವ ಕಾಲುಗಳು ಎರಡೇ. ಎರಡನ್ನೂ ಗಂಗಾಧರ ತೀರ ಹತ್ತಿರದಿಂದ ನೋಡುತ್ತ ನಿಂತಿದ್ದ. ತನ್ನ ಕಾಲು ತನ್ನ ಬೆನ್ನಿಗೆ ಎಟುಕುವಂತೆ ಮಾತ್ರ ಭಗವಂತ ಯಾರನ್ನೂ ಕಟ್ಟಿಲ್ಲ.