‘ಅಪ್ಪ’ ಎಂಬ ಹುದ್ದೆಯನ್ನು ಕೂಡಲೇ ತೆರವು ಮಾಡಬೇಕೆಂದು ವಾಷಿಂಗ್ ಮಷೀನ್ ಅವರಲ್ಲಿ ವಿನಂತಿ

ಅಡುಗೆಮನೆಯ ಹಿಂದಿನ ಮೂಲೆಯಲ್ಲಿ, ನಲ್ಲಿಯ ಎಡಗಡೆ, ಮೂರು ಕಾಲು ಹಾಗೂ ಒಂದು ಮಡಚಿದ ರಟ್ಟಿನ ಆಧಾರದ ಮೇಲೆ ವಿರಾಜಮಾನರಾಗಿರುವ ಬಟ್ಟೆ ಒಗೆಯುವ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನನಗೆ ಗೊತ್ತು, ಏಕೆಂದರೆ ಇಂದು ಬೆಳಿಗ್ಗೆ ತಮ್ಮ ಹೊಟ್ಟೆಗೆ ಹನ್ನೊಂದು ಚಡ್ಡಿ, ನಾಲ್ಕು ಟವೆಲ್, ಒಂದು ಹಾಸಿಗೆಹೊದಿಕೆ ಮತ್ತು ಕಿವಿ ಹರಿದ ಬಟ್ಟೆಮೊಲವನ್ನು ಬಡಿಸಿ, ಬಾಯಿ ಮುಚ್ಚಿ, ಗುಂಡಿ ಒತ್ತಿದವನು ನಾನೇ. ನನ್ನ ಕ್ಷೇಮವನ್ನು ತಾವು ವಿಚಾರಿಸುವವರಲ್ಲ ಎಂಬುದೂ ಗೊತ್ತಿರುವುದರಿಂದ ನಾನಾಗಿಯೇ ಹೇಳಿಬಿಡುತ್ತೇನೆ: ಚೆನ್ನಾಗಿಲ್ಲ, ಮತ್ತು ಅದಕ್ಕೆ ಕಾರಣ ತಾವು.

ನಾನು ಈ ಮನೆಯ ಯಜಮಾನಿಯ ಗಂಡ; ಒಂದೂಕಾಲು ವರ್ಷದ ಚಿನ್ನಿಯ ತಂದೆ. ಹೆಗಲ ಮೇಲೆ ಹಾಸಿಗೆ ಹೊತ್ತು ಬೀದಿ ಬೀದಿ ಅಲೆದು, ಬರೀ ಮಾತಿನ ಬಲದಿಂದ ಸ್ವಂತ ಹಾಸಿಗೆ ಅಂಗಡಿ ಇಟ್ಟವನು. ಚಿನ್ನಿ ಹುಟ್ಟಿದಾಗ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹೆಂಡತಿಯ ಕೆಲಸ ಬಿಡುವಂಥದ್ದಲ್ಲವೆಂದು ಇಬ್ಬರೂ ಕೂತು ತೀರ್ಮಾನಿಸಿ, ಅಂಗಡಿಯನ್ನು ತಮ್ಮನಿಗೆ ವಹಿಸಿ ಮನೆಯಲ್ಲಿ ನಿಂತೆ. ಊರಿಗೆಲ್ಲ ನಿದ್ದೆ ಮಾರಿದ ನನಗೆ ಈಗ ಸ್ವಂತ ಹಾಸಿಗೆಯ ಮೇಲೆ ಹತ್ತು ನಿಮಿಷ ಒರಗಲು ಪುರುಸೊತ್ತಿಲ್ಲ. ಆದರೂ ಪ್ರತಿದಿನ ಹನ್ನೊಂದು ಗಂಟೆಗೆ, ಸರಿಯಾಗಿ ನಾನು ಚಿನ್ನಿಗೆ ಉಣಿಸಿ, ಕುರ್ಚಿ ಒರೆಸಿ, ಗೋಡೆ ಒರೆಸಿ, ಕೊನೆಗೆ ನನ್ನನ್ನೇ ಒರೆಸಿಕೊಳ್ಳುತ್ತಿರುವಾಗ, ನಿವೃತ್ತರಾದ ಮಾವನವರು ಫೋನ್ ಮಾಡಿ, “ಮತ್ತೆ ಅಳಿಯಂದಿರೇ, ಮನೇಲಿ ಆರಾಮಾಗಿ ಕೂತಿದ್ದೀರಾ?” ಎಂದು ಪ್ರೀತಿಯಿಂದ ಕೇಳುತ್ತಾರೆ. ಅವರ ಮೇಲೆ ನನಗೆ ದೂರಿಲ್ಲ. ದೂರು ತಮ್ಮ ಮೇಲೆ.

ವ್ಯಾಪಾರದ ಕಾಲದ ಅಭ್ಯಾಸದಂತೆ ನಾನು ಒಂದು ಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ಚಿನ್ನಿ ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ತುತ್ತು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬುದೆಲ್ಲ ದಾಖಲಾಗುತ್ತದೆ. ಕೊನೆಯ ಪುಟ ಅವಳ ಮಾತುಗಳಿಗೆ ಮೀಸಲು. ಮೊದಲು ಬಂದದ್ದು ‘ಅಮ್ಮ’, ಸಂತೋಷಪಟ್ಟೆ. ಎರಡನೆಯದು ‘ಕಾಗೆ’, ಸಹಿಸಿಕೊಂಡೆ. ಮೂರನೆಯದು ‘ಬೇಡ’, ಅದೂ ನನ್ನ ಮುಖ ನೋಡಿಯೇ ಹೇಳಿದ್ದು. ನಾಲ್ಕನೆಯ ಸಾಲಿನಲ್ಲಿ ‘ಅಪ್ಪ’ ಎಂದು ಪೆನ್ಸಿಲಿನಲ್ಲಿ ಮೊದಲೇ ಬರೆದಿಟ್ಟುಕೊಂಡು, ತಾರೀಕು ಹಾಕುವ ಜಾಗ ಖಾಲಿ ಬಿಟ್ಟು, ಎರಡು ತಿಂಗಳು ಕಾದೆ. ಹೀಗಿರುವಾಗ ಒಂದು ಮಂಗಳವಾರ, ನಾನು ಬಟ್ಟೆ ಮಡಚುತ್ತಿದ್ದ ಹೊತ್ತಿನಲ್ಲಿ, ತಮ್ಮೆದುರು ನೆಲದ ಮೇಲೆ ಕೂತಿದ್ದ ಚಿನ್ನಿ ತಮ್ಮ ದುಂಡನೆಯ ಗಾಜಿನ ಬಾಗಿಲಿಗೆ ಬೆರಳು ಚಾಚಿ, ಅತ್ಯಂತ ಸ್ಪಷ್ಟವಾಗಿ, ಅತ್ಯಂತ ಅಕ್ಕರೆಯಿಂದ “ಅಪ್ಪ” ಎಂದಳು.

ಮಾನ್ಯರೇ, ಆ ಗಳಿಗೆಯಲ್ಲಿ ತಾವು ಶಿಷ್ಟಾಚಾರಕ್ಕಾದರೂ “ನಾನಲ್ಲಮ್ಮ, ಹಿಂದೆ ನಿಂತಿದ್ದಾರಲ್ಲ ಅವರು” ಎನ್ನಬಹುದಿತ್ತು. ತಾವು ಗಡಗಡ ಸುತ್ತಿದಿರಿ. ಅವಳು ಚಪ್ಪಾಳೆ ತಟ್ಟಿದಳು. ಅಂದಿನಿಂದ ಒಂಬತ್ತು ದಿನ, ದಿನಕ್ಕೆ ಕಡಿಮೆಯೆಂದರೆ ಏಳು ಸಲ, ತಾವು ನನ್ನ ಪದವಿಯನ್ನು ಯಾವ ಸಂಕೋಚವೂ ಇಲ್ಲದೆ ಅನುಭವಿಸಿದ್ದೀರಿ. ತಮ್ಮ ಯೋಗ್ಯತೆಯನ್ನು ನಾನು ಅಲ್ಲಗಳೆಯುವುದಿಲ್ಲ: ತಾವು ಕೊಟ್ಟದ್ದನ್ನು ಉಗುಳದೆ ನುಂಗುತ್ತೀರಿ, ಒಂದೇ ಆಟವನ್ನು ಐವತ್ತೆರಡು ನಿಮಿಷ ಬೇಸರವಿಲ್ಲದೆ ಆಡುತ್ತೀರಿ, ಮುಗಿದ ಮೇಲೆ ಹಾಡನ್ನೂ ಹೇಳುತ್ತೀರಿ. ಆ ಹಾಡು ಅವಳ ಮಧ್ಯಾಹ್ನದ ನಿದ್ದೆಯನ್ನು ಎಷ್ಟು ಸಲ ಕೆಡಿಸಿದೆ ಎಂಬುದು ಬೇರೆ ಪುಟದಲ್ಲಿದೆ. ಆದರೆ ಅಪ್ಪನೆಂದು ಕರೆಸಿಕೊಂಡ ಮೇಲೆ ಉಳಿದ ಕೆಲಸವನ್ನೂ ಮಾಡಬೇಕಲ್ಲವೇ? ಅವಳ ಉಗುರನ್ನು ಅವಳಿಗೆ ತಿಳಿಯದಂತೆ ಕತ್ತರಿಸಿಕೊಡಿ. ಜ್ವರ ಬಂದಾಗ ಅವಳನ್ನು ಎದೆಗೊರಗಿಸಿಕೊಂಡು ನಡುಮನೆಯಲ್ಲಿ ಓಡಾಡಿ. ತಮ್ಮ ವೈರು ಅಷ್ಟು ದೂರಕ್ಕೆ ಎಟುಕದಿದ್ದರೆ ಎಟುಕುವಷ್ಟು ದೂರವಾದರೂ ಬನ್ನಿ. ಇಲ್ಲವಾದರೆ ‘ನಾನು ಅಪ್ಪನಲ್ಲ’ ಎಂದು ಲಿಖಿತವಾಗಿ ಕೊಡಿ.

ಬೇರೆ ದಾರಿ ಕಾಣದೆ ತಮ್ಮ ಕಂಪನಿಗೆ ಫೋನ್ ಮಾಡಿದೆ. ನೀರು ಬರದಿದ್ದರೆ ಒಂದು ಒತ್ತಿ, ಬಾಗಿಲು ತೆರೆಯದಿದ್ದರೆ ಎರಡು ಒತ್ತಿ, ವಿಚಿತ್ರ ಶಬ್ದ ಬಂದರೆ ಮೂರು ಒತ್ತಿ ಎಂದರು; ಮಗಳು ತಮ್ಮನ್ನು ಅಪ್ಪ ಎಂದರೆ ಏನು ಒತ್ತಬೇಕೆಂದು ಹೇಳಲಿಲ್ಲ. ಮೂರು ಒತ್ತಿದೆ. ಮರುದಿನ ಬಂದ ಮೆಕ್ಯಾನಿಕ್ ತಮ್ಮ ಬೆನ್ನು ಬಿಚ್ಚಿ, ಹೊಟ್ಟೆ ತಟ್ಟಿ, “ಮಷೀನ್‌ಗೇನೂ ಆಗಿಲ್ಲ ಸಾರ್, ನೀವೇ ಸ್ವಲ್ಪ ರೆಸ್ಟ್ ತಗೊಳ್ಳಿ” ಎಂದರು. ಅಷ್ಟರಲ್ಲಿ ಚಿನ್ನಿ ತಮ್ಮತ್ತ ಬೆರಳು ತೋರಿಸಿ “ಅಪ್ಪ” ಅಂದಳು. ಆ ಮಹಾಶಯರು ತಮ್ಮನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಹೊಟ್ಟೆ ಕಡೆ ಹೋಲಿಕೆ ಇದೆ ಬಿಡಿ ಸಾರ್” ಎಂದು ಸಹಿ ಹಾಕಿಸಿಕೊಂಡು ಹೋದರು.

ಹತ್ತನೆಯ ದಿನ ಸಂಜೆ, ಕೆಲಸದಿಂದ ಬಂದ ನನ್ನ ಹೆಂಡತಿ ಚಿನ್ನಿಯನ್ನು ತೊಡೆಯ ಮೇಲೆ ಹಾಕಿಕೊಂಡು ತಮ್ಮೆದುರು ನೆಲದಲ್ಲೇ ಕೂತಳು. ಚಿನ್ನಿಯ ಎತ್ತರಕ್ಕೆ ತಲೆ ತಗ್ಗಿಸಿ ತಮ್ಮ ಬಾಗಿಲನ್ನು ನೋಡಿ, “ರೀ, ಆ ಕೆಲಸ ಬಿಟ್ಟು ಇಲ್ಲಿ ಬನ್ನಿ. ನಿಂತ್ಕೊಂಡ್ ನೋಡಿದ್ರೆ ಕಾಣಲ್ಲ, ಕೂತ್ಕೊಳ್ಳಿ” ಅಂದಳು. ಕೈಯಲ್ಲಿದ್ದ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಮಂಡಿ ಸದ್ದು ಮಾಡಿದರೂ ಲೆಕ್ಕಿಸದೆ ಕೂತೆ. ತಮ್ಮ ಗಾಜಿನಲ್ಲಿ, ಸುತ್ತುವ ಬಟ್ಟೆಗಳ ಮೇಲೆ, ಅಗಲ ಹಣೆ, ಚಿಕ್ಕ ಗಲ್ಲ, ಹೆಗಲ ಮೇಲೆ ಒದ್ದೆ ಟವೆಲ್ ಹೊತ್ತ ಒಬ್ಬ ಮನುಷ್ಯ ಕೂತಿದ್ದ. ಚಿನ್ನಿ ಅವನಿಗೆ ಬೆರಳು ತೋರಿಸಿ “ಅಪ್ಪ” ಅಂದಳು.

ನಾನು ಒಂದೇ ಸಲಕ್ಕೆ ನಂಬುವವನಲ್ಲ. ಎದ್ದು ಪಕ್ಕಕ್ಕೆ ಸರಿದೆ. ಅವಳು ಗಾಜಿನಲ್ಲಿ ಹುಡುಕಿದಳು, ಏನೂ ಹೇಳಲಿಲ್ಲ. ಮತ್ತೆ ಹಿಂದೆ ನಿಂತೆ, “ಅಪ್ಪ.” ಆರು ಸಲ ಪರೀಕ್ಷಿಸಿದೆ, ಆರೂ ಸಲ ಫಲಿತಾಂಶ ಅದೇ. ಲ್ಯಾಬಿನವಳು ನಕ್ಕು, “ನಾನು ಹೋಗ್ತೀನಿ ಬರ್ತೀನಿ, ಅದಕ್ಕೆ ನನ್ನ ಕರೀತಾಳೆ. ನೀವು ಎಲ್ಲಿಗಾದ್ರೂ ಹೋದ್ರೆ ತಾನೇ ಕರೆಯೋದು?” ಅಂದಳು.

ಈ ಮಾತನ್ನೂ ಪರೀಕ್ಷಿಸದೆ ಬಿಡಲಿಲ್ಲ. ಮಗುವನ್ನು ಅವಳಿಗೆ ಒಪ್ಪಿಸಿ, ಕಸದ ಬುಟ್ಟಿ ಹಿಡಿದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಎರಡು ಮೆಟ್ಟಿಲು ಇಳಿದಿದ್ದೆನಷ್ಟೆ, ಒಳಗಿನಿಂದ, ಯಾವ ಗಾಜೂ ಯಾವ ಯಂತ್ರವೂ ನಡುವೆ ಇಲ್ಲದೆ, ಕಾಗೆಯನ್ನೂ ಎಂದೂ ಕರೆದಿರದಷ್ಟು ದೊಡ್ಡ ಗಂಟಲಿನಲ್ಲಿ “ಅಪ್ಪಾ!” ಎಂಬ ಕೂಗು ಬಂತು. ಬುಟ್ಟಿ ಹಿಡಿದು ಅಲ್ಲೇ ನಿಂತೆ. ಇನ್ನೊಮ್ಮೆ ಬಂತು. ಮೂರನೆಯದಕ್ಕೆ ಕಾದೆ, ಅದೂ ಬಂತು, ಹಿಂದೆಯೇ ಹೆಂಡತಿಯ ದನಿ: “ರೀ, ಕಸ ಹಾಕೋಕೆ ಹೋದೋರು ಕಸದ ಜೊತೆನೇ ಹೊರಟುಹೋದ್ರಾ?” ಕಸವನ್ನು ಹಾಗೆಯೇ ಹಿಡಿದುಕೊಂಡು ಮನೆಯೊಳಗೆ ಬಂದೆ. ಪುಸ್ತಕದಲ್ಲಿ ಆ ದಿನದ ತಾರೀಕನ್ನು ಪೆನ್ನಿನಲ್ಲೇ ಬರೆದಿದ್ದೇನೆ.

ಆದ್ದರಿಂದ ತಮ್ಮ ಮೇಲಿನ ಮುಖ್ಯ ಆರೋಪವನ್ನು ಹಿಂಪಡೆದಿದ್ದೇನೆ. ನನ್ನ ಮುಖವನ್ನು ಒಂಬತ್ತು ದಿನ ಜೋಪಾನವಾಗಿ ಹೊತ್ತಿದ್ದಕ್ಕೆ, ಅದನ್ನು ಇನ್ನೂ ಒಂದಿಷ್ಟು ಸುಂದರವಾಗಿ ತೋರಿಸಬಹುದಿತ್ತು ಎಂಬ ಷರಾದೊಂದಿಗೆ, ಕೃತಜ್ಞತೆಗಳು. ತಮ್ಮ ಬಾಗಿಲನ್ನು ಇನ್ನು ಮುಂದೆ ದಿನಕ್ಕೆರಡು ಸಲ ಒರೆಸಲಾಗುವುದು.

ಕೈಯಲ್ಲಿ ಒದ್ದೆ ಬಟ್ಟೆ, ಕಾಲಿಗೆ ಅಂಟಿಕೊಂಡ ಚಿನ್ನಿಯ ಸಮೇತ,

ತಮ್ಮ ವಿಶ್ವಾಸಿ,
ಈ ಮನೆಯ ಏಕೈಕ ಅಪ್ಪ

ಮರೆತ ಮಾತು: ಭಾನುವಾರ ಮಾವನವರು ಬಂದು, ಆರಾಮಾಗಿ ಕೂತು, ಹಾಗೇ ಕೂತಲ್ಲೇ ಗೊರಕೆ ಹೊಡೆದರು. ಅಂದಿನಿಂದ ತಾವು ಕೊನೆಯ ಸುತ್ತಿನಲ್ಲಿ ಗುಡುಗುವಾಗಲೆಲ್ಲ ಚಿನ್ನಿ ತಮ್ಮನ್ನು “ತಾತ” ಎನ್ನುತ್ತಿದ್ದಾಳೆ. ಮಾವನವರು ತಮಗೆ ಪ್ರತ್ಯೇಕ ಪತ್ರ ಬರೆಯುತ್ತಿದ್ದಾರೆ, ಪೆನ್ನು ನನ್ನದೇ. ಗಾಜಿನಲ್ಲಿ ಕಂಡವನು ನಾನೇ ಎಂಬ ವಿಷಯವನ್ನು ಅವರಿಗೆ ಹೇಳಲು ಹೋಗಬೇಡಿ.