ಎಲಿಯೊನೋರಳ ವಂಶಸ್ಥ

ತಿಬೋ ಗ್ರಿಮೋನ ವಂಶದಲ್ಲಿ ಹೇಳಿಕೊಳ್ಳುವಂಥವರು ಒಬ್ಬರೂ ಇಲ್ಲ ಎಂಬ ಮಹತ್ವದ ಸಂಗತಿ ಬೆಳಕಿಗೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಮಾವನ ಮನೆಯ ಊಟದ ಮೇಜಿನಲ್ಲಿ, ಮೊಲದ ಸಾರು ಎರಡನೆಯ ಸುತ್ತು ಬರುತ್ತಿದ್ದಾಗ.

ಮಾವ ಫೆರ್ನಾನ್ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸುತ್ತ, ನಾಳೆ ಮಳೆ ಬರಬಹುದು ಎನ್ನುವಷ್ಟೇ ಸಲೀಸಾಗಿ ಹೇಳಿದರು: "ಮಗೂಗೆ ಜೆರ್ಮೆನ್ ಅಂತ ಹೆಸರು. ನಮ್ಮಮ್ಮನ ಹೆಸರು."

ತಿಬೋನ ಚಮಚ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಹೆಂಡತಿ ಸೊಲೆನ್‌ಗೆ ಆಗ ಐದು ತಿಂಗಳು. ಹುಟ್ಟುವುದು ಹೆಣ್ಣೆಂದು ಡಾಕ್ಟರು ಹೇಳಿ ಎರಡು ದಿನವೂ ಆಗಿರಲಿಲ್ಲ. ಅಷ್ಟರಲ್ಲಿ ಜೆರ್ಮೆನ್! (ಆ ಹೆಸರು ಕೇಳಿದರೆ ಕಣ್ಮುಂದೆ ಮಗು ಬರುವುದಿಲ್ಲ. ಉಣ್ಣೆಯ ಕಾಲುಚೀಲ, ಮಂಡಿನೋವು, ಕೋಳಿಗಳನ್ನು ಬೈಯುವ ಒಂದು ಒರಟು ದನಿ, ಇಷ್ಟು ಬರುತ್ತವೆ.)

"ಮಾವ, ಅಪ್ಪ ಅನ್ನೋನು ನಾನೂ ಒಬ್ಬ ಇದೀನಲ್ಲ. ನಮ್ಮ ಕಡೆ ಹೆಸರೂ ಒಂದು..."

"ನಿಮ್ಮ ಕಡೆ ಯಾರಿದಾರಪ್ಪ?" ಫೆರ್ನಾನ್ ನಿಜವಾದ ಕುತೂಹಲದಿಂದಲೇ ಕೇಳಿದರು. "ನಮ್ಮ ಮನೆತನ ನೋಡು. ಒಂಬತ್ತು ತಲೆಮಾರಿಂದ ಈ ವೆರ್ನೇ ಊರಿನ ಗೋಪುರ ಕಾಯ್ಕೊಂಡು ಬಂದಿದೀವಿ. ಗಡಿಯಾರಕ್ಕೆ ಕೀ, ಗಂಟೆಗೆ ಗ್ರೀಸು. ಊರೋರು ಏಳೋದು, ಉಣ್ಣೋದು, ಕೊನೆಗೆ ಮಣ್ಣಿಗೆ ಹೋಗೋದು, ಎಲ್ಲ ನಮ್ಮ ಲೆಕ್ಕದಲ್ಲೇ. ನಿಮ್ಮೋರು ಏನ್ಮಾಡ್ತಿದ್ರು?"

ತಾನೇನು ಮಾಡುತ್ತಿದ್ದೇನೆ ಎಂಬುದು ಮಾತ್ರ ತಿಬೋಗೆ ಹೊಳೆಯಿತು: ಸಾಸಿವೆ ಕಾರ್ಖಾನೆಯಲ್ಲಿ, ಪಟ್ಟಿಯ ಮೇಲೆ ಸಾಲಾಗಿ ಬರುವ ಬಾಟಲಿಗಳ ಮುಚ್ಚಳ ನೆಟ್ಟಗೆ ಕೂತಿದೆಯೇ ಎಂದು ದಿನಕ್ಕೆ ಎಂಟು ಗಂಟೆ ನೋಡುವುದು. ಇದನ್ನು ಕಲ್ಲಿನಲ್ಲಿ ಕೆತ್ತಿಸುವ ಹಾಗಿರಲಿಲ್ಲ.

"ನಮ್ಮಲ್ಲೂ ದೊಡ್ಡೋರಿದ್ರು" ಎಂದುಬಿಟ್ಟ. "ಬಹಳ ಹಿಂದೆ. ಕೋಟೆ, ಕುದುರೆ, ಎಲ್ಲ ಇತ್ತು."

"ಓಹೋ, ತೋರಿಸು ಹಾಗಾದ್ರೆ. ಮಗು ಹುಟ್ಟೋದ್ರೊಳಗೆ ನಿಮ್ಮ ವಂಶದಲ್ಲಿ ಅಂಥ ಒಬ್ಬ ಹೆಂಗಸನ್ನ ಕಾಗದದಲ್ಲಿ ತೋರಿಸು, ಅವಳ ಹೆಸರೇ ಇಡೋಣ. ಇಲ್ದಿದ್ರೆ ಹೆಸರಿಡೋ ಹಕ್ಕು ನಂದು, ನೀನು ಬಾಯಿ ಬಿಡೋ ಹಾಗಿಲ್ಲ."

"ಒಪ್ಪಿದೆ."

"ಒಂಬತ್ತು ತಿಂಗಳು ಹೊರೋಳು ನಾನು" ಎಂದಳು ಸೊಲೆನ್, ಚೀಸ್ ಕೊಯ್ಯುತ್ತ. "ಹೆಸರಿಗೆ ಕುಸ್ತಿ ಆಡೋರು ನೀವಿಬ್ರು. ಆಡ್ಕೊಳ್ಳಿ. ನಂದು ಒಂದೇ ಮಾತು, ತಿಬೋ. ಮಗು ಕೋಣೆಗೆ ನೀನು ಬಣ್ಣ ಬಳೀಬೇಕು. ಅದಕ್ಕೆ ಅಂತಾನೇ ಹತ್ತು ದಿನ ರಜೆ ಉಳಿಸಿಟ್ಟಿರೋದು. ನೆನಪಿರ್ಲಿ."

ಅವನಿಗೆ ರಜೆ ನೆನಪಿತ್ತು. ಬಣ್ಣ ಮರೆತುಹೋಯಿತು.

ಮರುವಾರದಿಂದ ಅವನು ರಜೆ ಹಾಕಿ ಹಾಕಿ ಜಿಲ್ಲೆಯ ಹಳೆಯ ದಾಖಲೆಗಳ ಕಚೇರಿಗೆ ದಂಡಯಾತ್ರೆ ಹೊರಟ. ಅಲ್ಲಿಯ ಮದಾಮ್ ವೆರ್ದ್ಯೇ ಕನ್ನಡಕದ ಮೇಲಿಂದ ಅವನನ್ನು ಅಳೆದು, "ಪ್ರಭುಗಳನ್ನ ಹುಡುಕ್ತಿದೀರಾ?" ಎಂದಳು.

"ನಿಮಗೆ ಹೇಗೆ ಗೊತ್ತಾಯ್ತು?"

"ಇಪ್ಪತ್ತಾರು ವರ್ಷದಿಂದ ಇಲ್ಲಿದೀನಿ, ನಮ್ಮಜ್ಜ ದನ ಕಾಯ್ತಿದ್ದ, ಅವನನ್ನ ಹುಡುಕಿಕೊಡಿ ಅಂತ ಒಬ್ರೂ ಬಂದಿಲ್ಲ, ಮೊಸ್ಯೂ. ಮೂರನೇ ಮೇಜಿನಲ್ಲಿ ಕೂತ್ಕೊಳ್ಳಿ. ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಬೇಡಿ."

ಆಗ ಶುರುವಾಯಿತು ತಪಸ್ಸು. ಜಿರಳೆಯೊಂದು ಶಾಯಿಯಲ್ಲಿ ಬಿದ್ದು, ಎದ್ದು, ಗಾಬರಿಯಿಂದ ಹಾಳೆಯ ತುಂಬ ಓಡಾಡಿದಂತಿದ್ದ ಪಾದ್ರಿಗಳ ಕೈಬರಹವನ್ನು ಅವನು ಒಂದೊಂದೇ ಕಾಲು ಎಣಿಸಿ ಓದಿದ. ಗ್ರಿಮೋ, ಕೂಲಿಯವನು. ಅವನ ಅಪ್ಪ ಗ್ರಿಮೋ, ಕೂಲಿಯವನು. ಅವನ ಅಪ್ಪನೂ ಕೂಲಿಯವನು. ನಡುವೆ ಒಬ್ಬ ಮಾತ್ರ ಬೇರೆ ದಾರಿ ಹಿಡಿದಿದ್ದ: ಪಕ್ಕದೂರಿನ ಹಂದಿ ಕದ್ದು ಸಿಕ್ಕಿಬಿದ್ದಿದ್ದ. (ಆ ಹಾಳೆಯನ್ನು ತಿಬೋ ಎಂಜಲು ಹಚ್ಚಿಯಾದರೂ ಬೇಗ ಮಗುಚಿದ.) ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈಬಿಡುತ್ತಿದ್ದರು. ಆದರೆ ಜೆರ್ಮೆನ್ ಎಂಬ ಮೂರಕ್ಷರ ಬೆನ್ನ ಹಿಂದೆ ಚಾವಟಿ ಹಿಡಿದು ನಿಂತಿತ್ತು.

ಏಳನೆಯ ದಿನ ಅವನಿಗೆ ಒಂದು ಮದುವೆ ಸಿಕ್ಕಿತು. ಇಸವಿ 1768. ವರ, ಎಂದಿನಂತೆ, ಗ್ರಿಮೋ, ಕೂಲಿಯವನು. ವಧು ಎಲಿಯೊನೋರ್, ಇದೇ ವೆರ್ನೇ ಊರಿನವಳು, ತಂದೆ ತಾಯಿ ಯಾರೆಂದು ತಿಳಿಯದು.

ತಿಬೋನ ರೋಮಗಳೆದ್ದವು. ಕೂಲಿಯವರ ಮನೆಯಲ್ಲಿ ಎಲಿಯೊನೋರ್ ಎಂದು ಯಾರಾದರೂ ಹೆಸರಿಡುತ್ತಾರೆಯೆ? ತಂದೆ ತಾಯಿ ತಿಳಿಯದು ಎಂದರೇನು? ತಿಳಿದಿತ್ತು, ಹೇಳುವ ಹಾಗಿರಲಿಲ್ಲ ಎಂದರ್ಥ. ಹೇಳುವ ಹಾಗಿಲ್ಲದವರೆಂದರೆ ಯಾರು? ಅಷ್ಟು ಎತ್ತರದಲ್ಲಿದ್ದವರು!

ಒಂಬತ್ತನೆಯ ದಿನ ಸಿಕ್ಕಿದ್ದು ನಿಧಿ. 1749ರ ಜ್ಞಾನಸ್ನಾನಗಳ ಪುಸ್ತಕ, ಚರ್ಚಿನಲ್ಲಿ ಪವಿತ್ರಜಲ ಹಾಕಿ ಹೆಸರಿಟ್ಟದ್ದರ ಪಟ್ಟಿ. ಒಂದು ಹಾಳೆಯ ಮೇಲಿನ ಎರಡು ಸಾಲನ್ನು ಇಲಿ ತಿಂದಿತ್ತು. ಉಳಿದದ್ದರ ಮೊದಲಿಗೆ ಹೀಗಿತ್ತು: ಹೆಸರು ಎಲಿಯೊನೋರ್, ಜ್ಞಾನತಂದೆ ಮಹಾಮಹಿಮ ರೋಶ್ವಾಲಿನ ಪ್ರಭುಗಳು, ಜ್ಞಾನತಾಯಿ ಅವರ ಧರ್ಮಪತ್ನಿ. ಹೆಸರಿಡುವಾಗ ಹೊಣೆ ಹೊತ್ತು ಪಕ್ಕ ನಿಂತವರ ಹೆಸರಿದೆ, ಹೆತ್ತವರ ಹೆಸರಿನ ಸುಳಿವೇ ಇಲ್ಲ! ತಿಬೋ ಆನಂದಬಾಷ್ಪ ಒರೆಸಿಕೊಂಡ, ಕಾಗದಕ್ಕೆ ತಾಗದಂತೆ. ಪ್ರಭುಗಳು ತಮ್ಮ ಗುಟ್ಟಿನ ಮಗಳಿಗೆ ತಾವೇ ಜ್ಞಾನತಂದೆಯಾಗಿ ನಿಂತಿದ್ದಾರೆ. ಪಾಪ, ಆ ಧರ್ಮಪತ್ನಿಯದು ಎಂಥ ದೊಡ್ಡ ಮನಸ್ಸು!

ರೋಶ್ವಾಲಿನವರ ವಂಶಾವಳಿ ಆಗಲೇ ಅಚ್ಚಾಗಿ ಪುಸ್ತಕವಾಗಿತ್ತು. ಅದರ ತುದಿಯಲ್ಲಿ ಕುದುರೆ ಏರಿ ಕೂತಿದ್ದವನು ಗೋದ್‌ಫ್ರುವಾ. ಎಂಟುನೂರು ವರ್ಷಗಳ ಹಿಂದೆ ಧರ್ಮಯುದ್ಧಕ್ಕೆ ಹೋಗಿ ಎಡಗಿವಿಯೊಂದನ್ನು ಬಿಟ್ಟು ಮಿಕ್ಕೆಲ್ಲದರ ಜೊತೆ ಮರಳಿದ ವೀರ. ಆ ಸಂಜೆ ಬಸ್ಸಿನಲ್ಲಿ ತಿಬೋ ತನ್ನ ಎಡಗಿವಿಯನ್ನು ಹೊಸ ಗೌರವದಿಂದ ಮುಟ್ಟಿ ನೋಡಿಕೊಂಡ.

ಹದಿನಾರು ಹಾಳೆಗಳನ್ನು ಅಂಟಿಸಿ ವಂಶವೃಕ್ಷ ಸಿದ್ಧವಾಯಿತು. ಅಷ್ಟು ದೊಡ್ಡ ಗೋಡೆ ಖಾಲಿಯಿದ್ದದ್ದು ಮಗುವಿನ ಕೋಣೆಯಲ್ಲಿ ಮಾತ್ರ.

"ಬಣ್ಣ?" ಎಂದಳು ಸೊಲೆನ್ ಬಾಗಿಲಲ್ಲಿ ನಿಂತು. ಆಗ ಅವಳಿಗೆ ಎಂಟು ತಿಂಗಳು. ಬಾಗಿಲು ಪೂರ್ತಿ ತುಂಬಿತ್ತು.

"ಎಂಟು ಶತಮಾನ ಗೋಡೆ ಮೇಲಿದೆ, ನೀನು ಬಣ್ಣ ಅಂತೀಯಲ್ಲ!"

"ರಜೆ ಎಷ್ಟು ಉಳಿದಿದೆ?"

"ಗೋದ್‌ಫ್ರುವಾ ಯುದ್ಧಕ್ಕೆ ಹೋಗುವಾಗ ರಜೆ ಲೆಕ್ಕ ಹಾಕಿದ್ನಾ?"

"ಅವನ ಹೆಂಡ್ತಿ ಖಂಡಿತ ಹಾಕಿರ್ತಾಳೆ. ಸರಿ, ಪ್ರಭುಗಳೇ, ಕಸದ ಡಬ್ಬ ತುಂಬಿದೆ. ಸವಾರಿ ಆ ಕಡೆ ಹೊರಡ್ಲಿ."

ಸವಾರಿ ಹೊರಟಿತು. ಬೆನ್ನು ಮಾತ್ರ ನೆಟ್ಟಗಿತ್ತು.

ಮುಂದಿನ ಭಾನುವಾರ ಊಟ ಮುಗಿಯುವ ತನಕ ಅವನು ತುಟಿ ಬಿಚ್ಚಲಿಲ್ಲ. ಮಾವ ಚೀಸಿಗೆ ಕೈ ಹಾಕುತ್ತಿದ್ದಂತೆ ಎದ್ದು ನಿಂತು, ಜೇಬಿನಿಂದ ಕಾಗದ ತೆಗೆದು, ರಾಜಪತ್ರ ಓದುವ ದನಿಯಲ್ಲಿ ಓದತೊಡಗಿದ.

"ಇಸವಿ 1749. ಜ್ಞಾನತಂದೆ ಮಹಾಮಹಿಮ ರೋಶ್ವಾಲಿನ ಪ್ರಭುಗಳು. ಹೆಸರು, ಎಲಿಯೊನೋರ್."

ಫೆರ್ನಾನರ ಚಾಕು ನಿಂತಿತು. "ಏನಂದೆ? ಎಲಿಯೊನೋರ್?"

ಬಾಣ ನಾಟಿತು ಎಂದುಕೊಂಡ ತಿಬೋ. "ಹೌದು ಮಾವ. ನಮ್ಮ ಮುತ್ತಜ್ಜಿ. ಮುಂದೆ ಕೇಳಿ. ಹೂವಿನಿಂದ ಅಲಂಕರಿಸಿದ ಎತ್ತಿನ ಗಾಡಿಯಲ್ಲಿ ಆಕೆಯನ್ನು ಚರ್ಚಿಗೆ ಕರೆತರಲಾಯಿತು."

"ಎಷ್ಟು ಎತ್ತು?"

"ನಾಲ್ಕು. ಒಂದು ಕೂಸಿಗೆ ನಾಲ್ಕೆತ್ತು! ಎಂಥ ವೈಭವ ನೋಡಿ."

"ಕೂಸು ಸ್ವಲ್ಪ ತೂಕ ಇತ್ತೇನೋ" ಎಂದರು ಫೆರ್ನಾನ್. ಅವರು ಚಾಕು ಕೆಳಗಿಟ್ಟು ಟೋಪಿ ತೆಗೆದಿದ್ದರು. ತಿಬೋ ಅದನ್ನು ಗೌರವವೆಂದೇ ತಿಳಿದ.

"ಬಿಳಿಯ ಲೇಸಿನ ಉಡುಪು ತೊಡಿಸಲಾಯಿತು. ಪವಿತ್ರಜಲದಿಂದ ತೊಳೆದು, ಪವಿತ್ರತೈಲವನ್ನು ಹೊರಗೂ ಒಳಗೂ..." ತಿಬೋ ಕೆಮ್ಮಿದ. "ಇಲ್ಲೊಂದು ಶಾಯಿ ಕಲೆ ಇದೆ. ಆಮೇಲೆ, ಆಕೆಯ ದನಿ ಮೂರು ಊರಿಗೆ ಕೇಳಿಸಿತು, ಜನರು ಸಂತೋಷಪಟ್ಟರು. ಒಳ್ಳೆ ಗಟ್ಟಿ ಮಗು."

"ಗಟ್ಟಿ ಅಂದ್ರೆ ಗಟ್ಟಿ" ಎಂದರು ಫೆರ್ನಾನ್. "ಜ್ಞಾನತಾಯಿ ಪ್ರಭುಗಳ ಹೆಂಡ್ತಿ. ಜ್ಞಾನಸ್ನಾನ ಮಾಡಿಸಿದೋರು ಪಾದ್ರಿ ಬೆರ್ತಲೋ. ಸೆಪ್ಟೆಂಬರ್ ಹದಿನಾಲ್ಕು."

ತಿಬೋ ಕಾಗದ ನೋಡಿದ. ಪಾದ್ರಿ ಬೆರ್ತಲೋ. ಸೆಪ್ಟೆಂಬರ್ ಹದಿನಾಲ್ಕು. "ಮಾವ! ನಿಮಗೂ ಗೊತ್ತಿತ್ತಾ ನಮ್ಮ ಮುತ್ತಜ್ಜಿ?"

"ಚೆನ್ನಾಗಿ ಗೊತ್ತು. ತಿಂಗಳಿಗೊಂದ್ಸಲ ಗ್ರೀಸ್ ಹಚ್ಚೋನೇ ನಾನು."

ಹೊರಗೆ, ಹೇಳಿಟ್ಟಂತೆ, ಗೋಪುರದ ಗಂಟೆ ಎರಡು ಬಾರಿಸಿತು.

"ನೋಡು" ಎಂದರು ಫೆರ್ನಾನ್, "ನೆನೆಸ್ಕೊಂಡ ತಕ್ಷಣ ಓಗೊಟ್ಟಳು. ಚರ್ಚಿನ ಗಂಟೆಗೂ ಕೂಸಿನ ಹಾಗೇ ಜ್ಞಾನಸ್ನಾನ ಮಾಡಿಸಿ ಹೆಸರಿಡ್ತಾರಪ್ಪ."

ಸೊಲೆನ್ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ಹೆರಿಗೆ ನೋವೇ ಬಂತೆಂದು ತಿಬೋ ಹೌಹಾರಿದ. ನೋವಲ್ಲ, ನಗು. "ಅಯ್ಯೋ, ಹದಿನಾರು ಹಾಳೆ ತಿಬೋ! ಹದಿನಾರು ಹಾಳೆ ಅಂಟಿಸಿದ್ಯಲ್ಲೋ!"

ತಿಬೋ ಸುಮ್ಮನೆ ಸೋಲುವ ಜಾತಿಯಲ್ಲ. ಕಣ್ಣಾರೆ ಕಂಡ ಮೇಲೆಯೇ ಮಾತು ಎಂದ. ಅಳಿಯ ಮಾವ ಇಬ್ಬರೂ ಗೋಪುರದ ನೂರಾ ಹದಿನೆಂಟು ಮೆಟ್ಟಿಲು ಹತ್ತಿದರು. ಎಪ್ಪತ್ತು ದಾಟಿದ ಫೆರ್ನಾನ್ ಸಿಳ್ಳೆ ಹಾಕುತ್ತ ಹತ್ತಿದರು. ಇಪ್ಪತ್ತೊಂಬತ್ತರ ವೀರವಂಶಜ ತೊಂಬತ್ತನೆಯ ಮೆಟ್ಟಿಲಲ್ಲಿ ಕೂತು, ನೀರಿದೆಯಾ ಎಂದು ಕೇಳಿದ. ಮೇಲೆ ಪಾರಿವಾಳದ ಹಿಕ್ಕೆಯ ನಡುವೆ ಆಕೆ ತೂಗುತ್ತಿದ್ದಳು, ಕಂಚಿನ ಮೈ, ಹಂಡೆಯಂಥ ಹೊಟ್ಟೆ. ಸೊಂಟದ ಸುತ್ತ ಅಕ್ಷರ ಕೆತ್ತಿತ್ತು. ತಿಬೋ ಸುತ್ತು ಬಂದು ಓದಿದ: ನನ್ನ ಹೆಸರು ಎಲಿಯೊನೋರ್. ನನ್ನ ಜ್ಞಾನತಂದೆ ರೋಶ್ವಾಲಿನ ಪ್ರಭುಗಳು. ಪ್ರದಕ್ಷಿಣೆ ಮುಗಿದಾಗ ಗೋದ್‌ಫ್ರುವಾ ಕುದುರೆ ಸಮೇತ ಮಾಯವಾಗಿದ್ದ.

"ಕ್ರಾಂತಿಯಲ್ಲಿ ಇವಳ ಜೊತೆಗಾರರನ್ನೆಲ್ಲ ಕರಗಿಸಿ ಫಿರಂಗಿ ಮಾಡಿಬಿಟ್ರು. ಇವಳೊಬ್ಬಳು ಉಳಿದಳು" ಎಂದರು ಫೆರ್ನಾನ್, ಕಂಚಿನ ಮೇಲೆ ಅಂಗೈ ಇಟ್ಟು.

"ಆದ್ರೆ ಮದುವೆ ಆದೋಳು?" ತಿಬೋ ಕೊನೆಯ ಹುಲ್ಲುಕಡ್ಡಿ ಹಿಡಿದ. "ಗಂಟೆ ಗ್ರಿಮೋನ ಮದುವೆ ಆಗಿಲ್ವಲ್ಲ!"

ಫೆರ್ನಾನ್ ತುಸು ಯೋಚಿಸಿದರು. "ತಂದೆ ತಾಯಿ ತಿಳಿಯದು ಅಂತ ತಾನೇ ಬರೆದಿರೋದು? ಚರ್ಚಿನ ಬಾಗಿಲಲ್ಲಿ ಯಾರೋ ಬಿಟ್ಟುಹೋದ ಕೂಸಿರ್ಬೇಕು. ಬೆಳಿಗ್ಗೆ ಮೊದಲು ಬಾಗಿಲು ತೆಗೆಯೋನು ಗಂಟೆ ಹೊಡೆಯೋನು. ಅವನಿಗೆ ತಕ್ಷಣ ಹೊಳೆಯೋ ಹೆಸರು ಇನ್ಯಾವುದು?" ಹಾಗೆಂದು ಮೆಲ್ಲನೆ ನಕ್ಕರು. "ಆಗ ಗಂಟೆ ಹೊಡೀತಿದ್ದೋರು ನಮ್ಮೋರೇ, ಅಳಿಯಂದಿರೇ. ನಿಮ್ಮ ವಂಶಕ್ಕೆ ಹೆಸರಿಡೋ ಕೆಲಸ ಮೊದಲಿಂದಲೂ ನಮ್ಮದೇ ಅಂತ ಕಾಣುತ್ತೆ."

ತಿಬೋ ಬಾಯಿ ಬಿಡಲಿಲ್ಲ. ಬಿಡುವ ಹಾಗಿಲ್ಲವೆಂದು ಮೊದಲೇ ಒಪ್ಪಂದವಾಗಿತ್ತು. ಮುಂದಿನ ಮೂರು ವಾರ ಅವನು ಕಾರ್ಖಾನೆಯಿಂದ ಬಂದ ಮೇಲೆ ವಂಶವೃಕ್ಷ ಕಿತ್ತು, ಗೋಡೆ ಕೆರೆದು, ಬಣ್ಣ ಬಳಿದ. ಬಳಿಯುವಾಗಲೆಲ್ಲ ಜೆರ್ಮೆನ್, ಜೆರ್ಮೆನ್ ಎಂದು ಹೇಳಿ ಅಭ್ಯಾಸ ಮಾಡಿಕೊಂಡ. ಅಷ್ಟೇನೂ ಕೆಟ್ಟದಲ್ಲ ಎನ್ನಿಸುವ ಹೊತ್ತಿಗೆ ಕೂಸು ಹುಟ್ಟಿತು.

ಆಸ್ಪತ್ರೆಯಲ್ಲಿ ಫೆರ್ನಾನ್ ಟೋಪಿ ತೆಗೆದು, ಕೂಸನ್ನು ಎತ್ತಿಕೊಂಡರು. ಕೂಸು ಬಾಯಿ ತೆರೆಯಿತು. ಮಹಡಿಯ ಅಷ್ಟೂ ಬಾಗಿಲುಗಳಿಂದ ತಲೆಗಳು ಇಣುಕಿದವು. ಫೆರ್ನಾನ್ ಕಣ್ಣು ಮುಚ್ಚಿ, ತಲೆ ವಾಲಿಸಿ, ಆ ದನಿ ಕೊನೆಯಾಗುವ ತನಕ ಕಿವಿಗೊಟ್ಟರು.

"ಜೆರ್ಮೆನ್" ಎಂದು ತಿಬೋ ತಾನೇ ಶರಣಾದ.

"ಯಾವ ಜೆರ್ಮೆನ್?" ಫೆರ್ನಾನ್ ಗದರಿದರು. "ಹೆಸರಿಡೋ ಹಕ್ಕು ನಂದು. ನಲವತ್ನಾಲ್ಕು ವರ್ಷದಿಂದ ಗೋಪುರ ಕಾಯ್ತಿದೀನಿ, ಆ ದನಿ ನನಗೆ ಗೊತ್ತಾಗಲ್ವಾ? ಇವಳು ಎಲಿಯೊನೋರ್."

ತಿಬೋನ ಎದೆಯುಬ್ಬಿತು. ಕಡೆಗೂ ಗೆದ್ದೆ! ಎಂದು ಬಾಯಿ ತೆರೆದ.

"ನೀನು ಹಲ್ಲು ಕಿರಿಯಬೇಡ" ಎಂದರು ಮಾವ. "ಹೆಸರು ಆ ದೊಡ್ಡವಳದ್ದು, ನಿನ್ನ ಪ್ರಭುಗಳದ್ದಲ್ಲ." ಅವರು ಕೋಟಿನ ಜೇಬಿನಿಂದ ಜಿಡ್ಡು ಹಿಡಿದ ಗ್ರೀಸ್ ಡಬ್ಬವೊಂದನ್ನು ತೆಗೆದು ಅಳಿಯನ ಕೈಗಿಟ್ಟರು. "ನನಗೂ ಮೊಣಕಾಲು ನೋವು. ಮನೆಯ ಹಿರಿಯರನ್ನ ವಂಶದೋರೇ ನೋಡ್ಕೋಬೇಕಪ್ಪ. ತಿಂಗಳ ಮೊದಲನೇ ಶನಿವಾರ."

ಸಿಳ್ಳೆ ಹಾಕುತ್ತ ನೂರಾ ಹದಿನೆಂಟು ಮೆಟ್ಟಿಲು ಹತ್ತಿದ ಮೊಣಕಾಲುಗಳನ್ನು ತಿಬೋ ಒಮ್ಮೆ ನೋಡಿದ. ಆಮೇಲೆ, ಅಭ್ಯಾಸಬಲ ನೋಡಿ, ಡಬ್ಬದ ಮುಚ್ಚಳ ನೆಟ್ಟಗೆ ಕೂತಿದೆಯೇ ಎಂದು ಪರೀಕ್ಷಿಸಿದ. ಕೂತಿತ್ತು.