ಆಯುಧಪೂಜೆಗೊಮ್ಮೆ ಬಾಯಿ ತೆರೆಯುವ ಬೀರುವಿಗೆ

ಇವರಿಗೆ,
ಶ್ರೀಯುತ ಉಕ್ಕಿನ ಬೀರುವಿನವರು,
ಹೆಡ್‌ಮೇಷ್ಟ್ರ ಕೋಣೆ, ಕಿಟಕಿಯ ಪಕ್ಕ,
ನಮ್ಮ ಬೀದಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ಸಂಜಯನಗರದ ಹಿಂಬದಿ, ಬೆಂಗಳೂರು.

ಮಾನ್ಯರೇ,

ತಮ್ಮ ನಾಲ್ಕೂ ಕಾಲುಗಳಿಗೆ, ಅವುಗಳ ಕೆಳಗಿಟ್ಟಿರುವ ಇಟ್ಟಿಗೆ ಚೂರುಗಳಿಗೆ ಹಾಗೂ ಬಾಗಿಲಿನಲ್ಲಿ ತೂಗುವ ಎರಡು ಬೀಗಗಳಿಗೆ, ಶಾಲೆಯ ಗೇಟಿನ ಎದುರು ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಸುಬ್ಬಲಕ್ಷ್ಮಮ್ಮನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಕಿಟಕಿಯಿಂದಲೇ ಕಾಣುತ್ತದೆ. ಮಳೆ ಬಂದರೆ ಐದನೇ ತರಗತಿಯ ಮಕ್ಕಳ ತಲೆಯ ಮೇಲೆ ಹನಿಯುವ ಸೂರು ತಮ್ಮ ನೆತ್ತಿಯ ಮೇಲೆ ಮಾತ್ರ ಹನಿಯುವುದಿಲ್ಲ.

ತಾವು ಇಲ್ಲಿಗೆ ಬಂದ ಬಗೆಯನ್ನು ತಮಗೆ ನೆನಪಿಸುವುದು ಉದ್ಧಟತನವಾದೀತು, ಆದರೂ ನೆನಪಿಸುತ್ತೇನೆ. ಮೂರು ವರ್ಷಗಳ ಹಿಂದೆ ನಮ್ಮ ಬೀದಿಯವರೆಲ್ಲ ಸೇರಿ, ದೊಡ್ಡ ಶಾಲೆಯ ಮಕ್ಕಳಿಗಿರುವ ವಿಜ್ಞಾನ, ಸಂಗೀತ, ಚಿತ್ರಕಲೆ ನಮ್ಮ ಮಕ್ಕಳಿಗೂ ಯಾಕೆ ಬೇಡವೆಂದು ಕೇಳಿಕೊಂಡೆವು. ಗಣೇಶನ ಹಬ್ಬದ ಹುಡುಗರು ಆ ವರ್ಷ ಆರ್ಕೆಸ್ಟ್ರಾದ ದುಡ್ಡು ಬಿಟ್ಟುಕೊಟ್ಟರು, ಬಡಗಿ ತಾಜುದ್ದೀನ್ ಭಾಯಿ ಒಂದು ಮೇಜು ಮಾಡಿಕೊಟ್ಟರು, ಹೂವಿನವರು, ಹಾಲಿನವರು, ಇಸ್ತ್ರಿಯವರು ಕೈಲಾದದ್ದು ಕೊಟ್ಟರು. ಹೀಗೆ ಒಂದು ಸೂಕ್ಷ್ಮದರ್ಶಕ, ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ, ಎರಡು ಡಜನ್ ಬಣ್ಣದ ಪೆಟ್ಟಿಗೆಗಳು ಬಂದವು. ಸೂಕ್ಷ್ಮದರ್ಶಕಕ್ಕೆ ಜರಿ ಅಂಚಿನ ಮಖಮಲ್ ಹೊದಿಕೆ ಹೊಲಿದವಳು ನಾನೇ. ಇವನ್ನೆಲ್ಲ ಕಾಪಾಡಲೆಂದು ಎಲ್ಲರಿಗಿಂತ ಕೊನೆಯಲ್ಲಿ ಬಂದ ತಾವು, ಎಲೆಯ ಮುಂದೆ ಎಲ್ಲರಿಗಿಂತ ಮೊದಲು ಕೂತಿರಿ.

ಅಂದಿನಿಂದ ಈ ಶಾಲೆಯಲ್ಲಿ ಕಲೆ ಮತ್ತು ವಿಜ್ಞಾನ ಎರಡನ್ನೂ ಅರಗಿಸಿಕೊಂಡವರು ತಾವೊಬ್ಬರೇ. ಇಷ್ಟು ಕಲಿತರೂ ತಮಗೆ ಎಳ್ಳಷ್ಟೂ ಅಹಂಕಾರವಿಲ್ಲ. ಒಂದು ದಿನವಾದರೂ ತಾವು ಸರಿಗಮ ಹಾಡಿದ್ದನ್ನು ಯಾರೂ ಕೇಳಿಲ್ಲ. ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ, ವಾರಕ್ಕೆ ಎರಡು ಪೀರಿಯಡ್ ಏಳನೇ ತರಗತಿಗೆ ಹೋಗಿ, ತಾವು ಕಲಿತದ್ದರಲ್ಲಿ ಸ್ವಲ್ಪವನ್ನು ಮಕ್ಕಳಿಗೂ ಹೇಳಿಕೊಡಬೇಕೆಂದು ಪ್ರಾರ್ಥನೆ. ನಡೆಯಲು ಕಷ್ಟವಾದರೆ ಮಕ್ಕಳನ್ನೇ ಒಬ್ಬೊಬ್ಬರಾಗಿ ತಮ್ಮ ಕೆಳಗಿನ ಖಾನೆಗೆ ಕಳಿಸಿಕೊಡುತ್ತೇವೆ. ಅಲ್ಲಿ ಹಳೆಯ ಹಾಜರಿ ಪುಸ್ತಕಗಳು ಸ್ವಲ್ಪ ಒತ್ತರಿಸಿಕೊಂಡರೆ ಜಾಗವಾಗುತ್ತದೆ.

ತಮಗೆ ಎರಡು ಬೀಗ ಯಾಕೆಂದು ಊರಿಗೆಲ್ಲ ಗೊತ್ತು. ನಮ್ಮ ಮುನೇಶ್ವರನ ಗುಡಿಯ ಹುಂಡಿಗೆ ಎರಡು ಬೀಗ, ಒಂದರ ಕೈ ಪೂಜಾರಿಯ ಬಳಿ, ಇನ್ನೊಂದರದು ಹಿರಿಯರ ಬಳಿ. ಇಬ್ಬರೂ ಎದುರಿಗಿದ್ದರೆ ಮಾತ್ರ ಹುಂಡಿ ತೆರೆಯುವುದು ಪದ್ಧತಿ. ಸಾಮಾನು ಒಪ್ಪಿಸುವ ದಿನ ಬೀದಿಯ ಜವಾಬ್ದಾರಿಯುತ ಮಹಿಳೆಯೊಬ್ಬರು ಎದ್ದು ನಿಂತು, "ಹುಂಡಿಗಾದ್ರೆ ಎರಡು ಬೀಗ, ಮಕ್ಕಳ ಸಾಮಾನಿಗೆ ಒಂದೇನಾ?" ಎಂದು ಕೇಳಿದರು. ಚಪ್ಪಾಳೆ ಬಿತ್ತು. ಒಂದು ಬೀಗದ ಕೈ ಹೆಡ್‌ಮೇಷ್ಟ್ರು ಚನ್ನಕೇಶವ ಅವರಿಗೆ ಹೋಯಿತು, ಇನ್ನೊಂದು ಆ ಮಹಿಳೆಯ ಸೊಂಟಕ್ಕೆ.

ಆಮೇಲೆ ನಡೆದದ್ದನ್ನು ತಾವು ಕಣ್ಣಾರೆ ಕಂಡಿದ್ದೀರಿ. ಆ ಮಹಿಳೆ ಬಿಡುವಾಗಿದ್ದ ದಿನ ಹೆಡ್‌ಮೇಷ್ಟ್ರಿಗೆ ಇಲಾಖೆಯ ಮೀಟಿಂಗು. ಹೆಡ್‌ಮೇಷ್ಟ್ರು ಕುರ್ಚಿಯಲ್ಲಿದ್ದ ದಿನ ಮಹಿಳೆ ಪೀಣ್ಯದ ತಂಗಿಯ ಮನೆಗೆ ಹೊರಟು ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ. ಶನಿವಾರ ಬೆಳಗ್ಗೆ ಇಬ್ಬರೂ ಇರುತ್ತಾರೆ, ಆದರೆ ಒಂಬತ್ತರಿಂದ ಹತ್ತೂವರೆಯವರೆಗೆ ರಾಹುಕಾಲ. ರಾಹುಕಾಲ ಕಳೆದು, ಬೀಗಕ್ಕೆ ಎಣ್ಣೆ ಬಿಟ್ಟು, ಎರಡನ್ನೂ ತೆಗೆಯಬೇಕೆನ್ನುವಷ್ಟರಲ್ಲಿ ಶನಿವಾರದ ಶಾಲೆ ಬಿಡುವ ಗಂಟೆ. ಹೀಗಾಗಿ ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮಾತ್ರ, ತಮ್ಮ ಬಾಗಿಲು ತೆರೆಯುತ್ತದೆ.

ಕಳೆದ ಆಯುಧಪೂಜೆಯಲ್ಲಿ ಹಾರ್ಮೋನಿಯಮ್ಮಿಗೆ ಸೇವಂತಿಗೆ ಹಾರ ಬಿತ್ತು, ತಬಲಕ್ಕೆ ವಿಭೂತಿ ಬಿತ್ತು, ಸೂಕ್ಷ್ಮದರ್ಶಕದ ಕಣ್ಣಿಗೆ, ಅಂದರೆ ಮಕ್ಕಳು ಕಣ್ಣಿಟ್ಟು ನೋಡುವ ಗಾಜಿಗೇ, ದಪ್ಪನೆಯ ಕುಂಕುಮ ಬಿತ್ತು. ಮಂಗಳಾರತಿಯಾದ ಮೇಲೆ ವಿಜ್ಞಾನದ ವನಿತಾ ಮಿಸ್ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಹಿಂದೆ ಕಟ್ಟಿಸಿ, ಒಬ್ಬೊಬ್ಬರಿಗೆ ಒಂದೊಂದು ಸಲ ನೋಡಲು ಬಿಟ್ಟರು. ಎಲ್ಲ ಮಕ್ಕಳೂ "ಸೂಪರ್ ಮಿಸ್" ಅಂದರು. ತಾಜುದ್ದೀನ್ ಭಾಯಿಯ ಮಗಳು, ಏಳನೇ ತರಗತಿಯ ಐಮನ್, "ಬರೀ ಕೆಂಪಗೈತೆ ಮಿಸ್" ಅಂದಳು. ನವೆಂಬರಿನ ಕಿರುಪರೀಕ್ಷೆಯಲ್ಲಿ ಸೂಕ್ಷ್ಮದರ್ಶಕದ ಉಪಯೋಗ ಕೇಳಿದ್ದಕ್ಕೆ, ಅದರಲ್ಲಿ ನೋಡಿದರೆ ವಸ್ತುಗಳು ಕೆಂಪಗೆ ಕಾಣುತ್ತವೆ ಎಂದು ಬರೆದಳು. ಸೊನ್ನೆ ಬಂತು. ಕಂಡದ್ದನ್ನು ಕಂಡ ಹಾಗೆ ಬರೆದ ಮಗು ಇಡೀ ಶಾಲೆಯಲ್ಲಿ ಅದೊಂದೇ.

ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. ಅಪ್ಪ ಹೆಬ್ಬಾಳದ ಕಡೆ ಕೆಲಸಕ್ಕೆ ಹೋದಾಗಲೆಲ್ಲ ಉಪ್ಪಿನಕಾಯಿ ಸೀಸೆಯಲ್ಲಿ ಕೆರೆಯ ನೀರು ತರಿಸಿಕೊಂಡು, ಶನಿವಾರ ಬೆಳಗ್ಗೆ ತಮ್ಮ ಮುಂದೆ ಬಂದು ನಿಲ್ಲುತ್ತಾಳೆ. ಒಂದು ಹನಿಯೊಳಗೆ ಏನಿದೆ ಎಂದು ಒಂದೇ ಒಂದು ಸಲ ನೋಡಬೇಕಂತೆ. ತಾವು ಬಾಯಿ ಬಿಡುವುದಿಲ್ಲ, ಗಂಟೆ ಹೊಡೆಯುತ್ತದೆ, ಸೀಸೆ ನನ್ನ ಹೊಲಿಗೆ ಮೆಷಿನ್ನಿನ ಪಕ್ಕಕ್ಕೆ ಬಂದು ಕೂರುತ್ತದೆ. ಅದರಲ್ಲಿದ್ದ ಹುಳುಗಳು ಸೊಳ್ಳೆಯಾಗಿ ನನ್ನನ್ನೇ ಕಚ್ಚಿ ಹಾರಿಹೋಗುತ್ತವೆ, ಅವಳು ಮತ್ತೆ ಹೊಸ ನೀರು ತರಿಸುತ್ತಾಳೆ. ಈಗ ಮಾರ್ಚ್ ಮುಗಿಯುತ್ತಿದೆ. ಏಳನೆಯದು ಪಾಸಾದರೆ ಅವಳು ಬೇರೆ ಶಾಲೆಗೆ ಹೋಗಬೇಕು, ಮುಂದಿನ ಆಯುಧಪೂಜೆಗೆ ಇಲ್ಲಿರುವುದಿಲ್ಲ. ಅವಳನ್ನು ಫೇಲು ಮಾಡಿ ಇನ್ನೊಂದು ವರ್ಷ ಇರಿಸಿಕೊಳ್ಳಲು ತಮ್ಮಿಂದ ಸಾಧ್ಯವೇ ಎಂದು ವಿಚಾರಿಸೋಣವೆಂದುಕೊಂಡಿದ್ದೆ.

ಅಷ್ಟರಲ್ಲಿ ಕಳೆದ ಶನಿವಾರ ಐಮನ್ ಸೀಸೆ ಇಟ್ಟು ಹೊರಟವಳು ತಿರುಗಿ ನಿಂತು, "ಅಜ್ಜಿ, ಬೀರೂದು ಇನ್ನೊಂದು ಬೀಗದ ಕೈ ಯಾರತ್ರ ಐತೆ? ನಿಮ್ಗೆ ಗೊತ್ತಾ? ನಾನೇ ಹೋಗಿ ಕೇಳ್ತೀನಿ" ಅಂದಳು. ನಾನು ಮೆಷಿನ್ನಿನಿಂದ ತಲೆ ಎತ್ತದೆ, "ನೋಡಣ ತಡಿ ಕಣಮ್ಮ" ಅಂದೆ. ಅವಳು ಹೋದ ಮೇಲೆ ಎದ್ದು ನಿಂತೆ, ಸೊಂಟದಲ್ಲಿ ಬೀಗದ ಕೈ ಗೊಂಚಲು ಝಲ್ ಎಂದಿತು.

ಮಾನ್ಯರೇ, ಆ ಜವಾಬ್ದಾರಿಯುತ ಮಹಿಳೆ ನಾನೇ. ನನ್ನ ಮಖಮಲ್ಲಿಗೆ ಸೀಮೆಸುಣ್ಣದ ಧೂಳು ಮೆತ್ತೀತೆಂಬ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಬೀಗದ ಕೈ ಇರುವವರೆಗೆ ಸಭೆಯಲ್ಲಿ ನನಗೊಂದು ಕುರ್ಚಿ ಇತ್ತು. ಇಷ್ಟು ದಿನ ತಮ್ಮನ್ನು ಬೈದುಕೊಂಡು ತಿರುಗಿದ್ದಕ್ಕೆ ಈಗ ನಾಚಿಕೆಯಾಗುತ್ತಿದೆ. ಆವತ್ತೇ ಹೋಗಿ, ಬೀಗ ತೆಗೆದುಬಿಡೋಣವೆಂದು ಹೆಡ್‌ಮೇಷ್ಟ್ರಿಗೆ ಹೇಳಿದೆ. ಅವರು ಡ್ರಾಯರ್ ಎಳೆದು ತಮ್ಮ ಪಾಲಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ನಿಮಗೇ ಕಾಯ್ತಿದ್ದೆ ಕಣಮ್ಮ, ಕೇಳೋಕೆ ಹೆದರಿಕೆ" ಅಂದರು. ಮೂರು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡೇ ತಮ್ಮನ್ನು ಸಾಕಿದ್ದೇವೆ.

ಆದ್ದರಿಂದ ತಮ್ಮಲ್ಲಿ ಕೊನೆಯ ಅರಿಕೆ. ನನ್ನ ಬೀಗದ ಕೈಯನ್ನು ಐಮನ್‌ಗೆ ಕೊಟ್ಟಾಗಿದೆ. ಬರುವ ಶನಿವಾರ ಬೆಳಗ್ಗೆ ಸರಿಯಾಗಿ ಒಂಬತ್ತು ಗಂಟೆಗೆ, ಹೌದು, ರಾಹುಕಾಲದಲ್ಲೇ, ಅವಳು ಸೀಸೆ ಸಮೇತ ಬರುತ್ತಾಳೆ. ದಯವಿಟ್ಟು ಕಿರ್ ಎನ್ನದೆ ಬಾಗಿಲು ತೆರೆಯಬೇಕು. ಮಖಮಲ್ ಹೊದಿಕೆಯನ್ನು ನಾನು ಅಲ್ಲೇ ಕತ್ತರಿಸಿ ಒರೆಸುವ ಬಟ್ಟೆ ಮಾಡುತ್ತೇನೆ, ಮೊದಲು ಆ ಕುಂಕುಮ ಹೋಗಲಿ. ಹಾಗೆಯೇ ಅವಳ ಸೊನ್ನೆಯನ್ನು ಅಳಿಸಲು ವನಿತಾ ಮಿಸ್ ಒಪ್ಪಿದ್ದಾರೆ. ಯಾರಿಗಾದರೂ ಅದನ್ನು ಕೊಡಲೇಬೇಕೆಂದಿದ್ದರೆ ನನಗೇ ಕೊಡಲಿ.

ತಮ್ಮ ಎರಡನೆಯ ಬೀಗದಷ್ಟೇ ಬಿಗಿಯಾಗಿದ್ದು, ಈಗ ಸಡಿಲಗೊಂಡಿರುವ,
ತಮ್ಮ ವಿಶ್ವಾಸಿ,
ಸುಬ್ಬಲಕ್ಷ್ಮಮ್ಮ

ಮರೆತ ಮಾತು: ಸಾಮಾನೆಲ್ಲ ತರಗತಿಗೆ ಹೋದ ಮೇಲೆ ಹೊಟ್ಟೆ ಬರಿದಾಯಿತೆಂದು ಕೊರಗಬೇಡಿ. ಸಾಮಾನು ಒಪ್ಪಿಸಿದ ದಿನ ನಮಗೆಲ್ಲ ಹೊದಿಸಿದ ಸನ್ಮಾನದ ಶಾಲುಗಳು, ತೊಡಿಸಿದ ಮೈಸೂರು ಪೇಟಗಳು, ನಾವು ಸಾಲಾಗಿ ನಿಂತು ತೆಗೆಸಿಕೊಂಡ ದೊಡ್ಡ ಫೋಟೋ, ಇವನ್ನು ತಮ್ಮಲ್ಲೇ ಇಡುತ್ತಿದ್ದೇವೆ. ಬೇಕಾದರೆ ಮೂರು ಬೀಗ ಹಾಕಿಕೊಳ್ಳಿ. ಅವುಗಳನ್ನು ತೋರಿಸಿ ಎಂದು ಯಾವ ಮಗುವೂ ಸೀಸೆ ಹಿಡಿದುಕೊಂಡು ತಮ್ಮ ಮುಂದೆ ಬಂದು ನಿಲ್ಲುವುದಿಲ್ಲ.